ರುಚಿಯ ಹೆಸರು ನಮಗೆ, ಊಟ ಬೆಕ್ಕಿಗೆ

ಬೆಕ್ಕು ತಟ್ಟೆಯ ಹತ್ತಿರ ಬಂದು, ಒಮ್ಮೆ ಮೂಸಿ, ಬಾಲ ಎತ್ತಿಕೊಂಡು ವಾಪಸ್ ಹೋದರೆ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಇದಕ್ಕೆ ನಖರಾ ಜಾಸ್ತಿ ಆಯ್ತು." ಇನ್ನೊಂದು, "ಬಿಡು, ಹಸಿದ್ರೆ ತಾನೇ ತಿನ್ನುತ್ತೆ." ಈ ಎರಡೂ ಮಾತು ತಪ್ಪು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಬೆಕ್ಕಿಗೆ ಮಾಡುವ ಅನ್ಯಾಯ. ಎರಡನೆಯದು ಅದರ ಪ್ರಾಣಕ್ಕೇ ಅಪಾಯ ತರಬಹುದು.

ಪರೀಕ್ಷೆ, ಸಿಇಟಿ, ಸಿಎ ಫೌಂಡೇಶನ್ ಬಿಟ್ಟು ಇದೇನು ವಿಷಯ ಎಂದು ನಗಬೇಡಿ. ನಮ್ಮ ಕಾಲೇಜಿನಲ್ಲಿ ಬೆಕ್ಕು ಸಾಕುವವರು ಎಷ್ಟು ಜನ ಇದ್ದಾರೆಂದು ನಿಮ್ಮ ಪಕ್ಕದ ಬೆಂಚಿನಲ್ಲಿ ಕೇಳಿ ನೋಡಿ. ಎಂ.ಸಿ.ಸಿ. ಬಡಾವಣೆಯ ಅಂಗಡಿಗಳಲ್ಲಿ ಬಿಸ್ಕತ್ತಿನ ಸಾಲಿನ ಪಕ್ಕದಲ್ಲೇ ಈಗ ಬೆಕ್ಕಿನ ವೆಟ್ ಫುಡ್ ಪೌಚುಗಳು ತೂಗುತ್ತವೆ. ಟ್ಯೂನಾ ಜೆಲ್ಲಿ, ಚಿಕನ್ ಗ್ರೇವಿ, ಬಂಗುಡೆ, ಸಾಲ್ಮನ್, 'ಸಮುದ್ರ ಮೀನು'. ಸಮುದ್ರ ನಮ್ಮಿಂದ ನೂರಾರು ಕಿಲೋಮೀಟರ್ ದೂರ. ನಮ್ಮ ಬೀದಿಯ ಬೆಕ್ಕಿನ ಅಜ್ಜ ಮುತ್ತಜ್ಜಂದಿರು ಹೆಚ್ಚೆಂದರೆ ತುಂಗಭದ್ರೆಯ ಮೀನಿನ ತಲೆ ತಿಂದಿರಬಹುದು. ಹಾಗಾದರೆ ಈ ಹೆಸರುಗಳು ಯಾರಿಗಾಗಿ?

ವ್ಯವಹಾರ ಅಧ್ಯಯನದ ಮಾರುಕಟ್ಟೆ ನಿರ್ವಹಣೆಯ ಅಧ್ಯಾಯ ಓದಿದವರಿಗೆ ಉತ್ತರ ಗೊತ್ತು. ಕೊಳ್ಳುವವನು ಬೇರೆ, ಬಳಸುವವನು ಬೇರೆ ಆಗಿರಬಹುದು. ಮಗುವಿನ ಹಾಲಿನ ಪುಡಿಯನ್ನು ಮಗು ಕೊಳ್ಳುವುದಿಲ್ಲ. ಬೆಕ್ಕಿನ ಪೌಚನ್ನು ಬೆಕ್ಕು ಕೊಳ್ಳುವುದಿಲ್ಲ. ಪೌಚಿನ ಮೇಲಿನ ಬಣ್ಣ, ಹೊಳೆಯುವ ಮೀನಿನ ಚಿತ್ರ, ಬಾಯಲ್ಲಿ ನೀರೂರಿಸುವ ಹೆಸರು ಎಲ್ಲವೂ ದುಡ್ಡು ಕೊಡುವ ನಮಗಾಗಿ. ಬೆಕ್ಕಿಗೆ ಓದಲು ಬರುವುದಿಲ್ಲ. ಅದಕ್ಕೆ ಬರುವುದು ಮೂಸಲು ಮಾತ್ರ. ಅದು ಮೂಸಿ ಬೇಡ ಎಂದರೆ ನಾವು ಇನ್ನೊಂದು ಹೆಸರಿನ ಪೌಚ್ ತರುತ್ತೇವೆ. ಅದೂ ಬೇಡವಾದರೆ ಮತ್ತೊಂದು. ಕೊನೆಗೆ ದುಡ್ಡು ಹೋಗಿ, ಊಟ ಕಸದ ಬುಟ್ಟಿಗೆ ಹೋಗಿ, ಬೆಕ್ಕಿಗೆ 'ನಖರಾ' ಎಂಬ ಬಿರುದು ಮಾತ್ರ ಉಳಿಯುತ್ತದೆ.

ಬೆಕ್ಕಿನ ನಾಲಿಗೆ ನಮ್ಮ ನಾಲಿಗೆಯಂತಲ್ಲ. ನಮ್ಮ ನಾಲಿಗೆಯಲ್ಲಿ ಸಾವಿರಾರು ರುಚಿಮೊಗ್ಗುಗಳಿದ್ದರೆ ಬೆಕ್ಕಿಗೆ ಇರುವುದು ಸುಮಾರು 470. ಇನ್ನೂ ದೊಡ್ಡ ವಿಷಯವೆಂದರೆ ಅದಕ್ಕೆ ಸಿಹಿ ಗೊತ್ತೇ ಇಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಇದರ ಕಾರಣ ಕಂಡುಹಿಡಿದರು. ಸಿಹಿಯನ್ನು ಗುರುತಿಸಲು ಎರಡು ಜೀನ್‌ಗಳು ಸೇರಿ ಕೆಲಸ ಮಾಡಬೇಕು. ಬೆಕ್ಕಿನಲ್ಲಿ ಅವುಗಳಲ್ಲಿ ಒಂದು ಕೆಟ್ಟು ನಿಂತಿದೆ. ಹುಲಿ, ಚೀತಾಗಳಲ್ಲೂ ಅದೇ ಕಥೆ. ಶೀರ್ ಖುರ್ಮಾದ ಬಟ್ಟಲಿಗೆ ಬೆಕ್ಕು ಬಾಯಿ ಹಾಕಿದರೆ ಅದು ಹಾಲಿನ ಕೊಬ್ಬಿಗಾಗಿ, ಸಕ್ಕರೆಗಾಗಿ ಅಲ್ಲ.

ಹಾಗಾದರೆ ಅದಕ್ಕೆ ಹಿಡಿಸುವುದು ಏನು? ಮಾಂಸದ ಸಾರಿನ ರುಚಿ. ವಿಜ್ಞಾನಿಗಳು ಅದನ್ನು ಉಮಾಮಿ ಎನ್ನುತ್ತಾರೆ. ಮನೆಯಲ್ಲಿ ಯಖ್ನಿ ಕುದಿಯುವಾಗ ಬೆಕ್ಕು ಒಲೆಯ ಸುತ್ತ ಸುತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲೆಂಡಿನ ವಾಲ್ಥಮ್ ಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರುಚಿಯನ್ನು ಹಿಡಿಯುವ ವ್ಯವಸ್ಥೆ ಬೆಕ್ಕಿನ ನಾಲಿಗೆಯಲ್ಲಿದೆ ಎಂದು ತೋರಿಸಿದರು. ಟ್ಯೂನಾ ಮೀನಿನಲ್ಲಿ ಹೇರಳವಾಗಿರುವ ಕೆಲವು ಅಂಶಗಳ ಮಿಶ್ರಣವನ್ನು ಬೆಕ್ಕುಗಳು ಬಹಳ ಇಷ್ಟಪಟ್ಟವು. ಮರುಭೂಮಿಯಿಂದ ಬಂದ ಪ್ರಾಣಿಗೆ ಸಮುದ್ರದ ಮೀನು ಯಾಕೆ ಇಷ್ಟ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದದ್ದು. ವಾಲ್ಥಮ್ ಇರುವುದು ಮಾರ್ಸ್ ಕಂಪನಿಯ ಒಡೆತನದಲ್ಲಿ. ವಿಸ್ಕಾಸ್ ಕೂಡ ಅದೇ ಕಂಪನಿಯ ಬ್ರ್ಯಾಂಡ್. ಸಂಶೋಧನೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೆಕ್ಕಿನ ನಾಲಿಗೆಯ ಬಗ್ಗೆ ಮಾರುವವನಿಗೆ ನಮಗಿಂತ ಹೆಚ್ಚು ಗೊತ್ತು ಎಂದಷ್ಟೇ ಹೇಳುತ್ತಿದ್ದೇನೆ. ಆ ಅಂತರವನ್ನು ಕಡಿಮೆ ಮಾಡಿಕೊಳ್ಳುವುದು ಕೊಳ್ಳುವವನ ಕೆಲಸ.

ಅದಕ್ಕೆ ಮೊದಲ ಹೆಜ್ಜೆ ಪೌಚಿನ ಹಿಂಬದಿ ಓದುವುದು. ಮುಂಬದಿಯಲ್ಲಿ 'ಟ್ಯೂನಾ' ಎಂದಿದ್ದರೆ ಒಳಗೆಲ್ಲ ಟ್ಯೂನಾ ಎಂದು ಅರ್ಥವಲ್ಲ. ಅಮೆರಿಕದಲ್ಲಿ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘದ ಮಾದರಿ ನಿಯಮದ ಪ್ರಕಾರ 'ಟ್ಯೂನಾ ಜೊತೆಗೆ' ಎಂದು ಬರೆಯಲು ಶೇ. 3ರಷ್ಟು ಟ್ಯೂನಾ ಇದ್ದರೆ ಸಾಕು. 'ಟ್ಯೂನಾ ಫ್ಲೇವರ್' ಎಂದರೆ ರುಚಿ ಗೊತ್ತಾಗುವಷ್ಟಿದ್ದರೆ ಸಾಕು. ಯುರೋಪಿನಲ್ಲಿ 'ಜೊತೆಗೆ' ಎಂಬ ಪದಕ್ಕೆ ಶೇ. 4 ಬೇಕು. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಯಾವುದರ ಹೆಸರಿದೆ ಎಂದು ನೋಡಿ. ಎಷ್ಟೋ ಸಲ ನಾಲ್ಕು ಬೇರೆ ಬೇರೆ ರುಚಿಯ ಪೌಚುಗಳನ್ನು ತಿರುಗಿಸಿ ನೋಡಿದರೆ ನಾಲ್ಕರಲ್ಲೂ ಮೊದಲ ಹೆಸರುಗಳು ಒಂದೇ ಇರುತ್ತವೆ. ಆಗ ನೀವು ರುಚಿ ಬದಲಿಸಿದ್ದೇನೆ ಎಂದುಕೊಂಡರೂ ಬೆಕ್ಕಿನ ಪಾಲಿಗೆ ಬದಲಾದದ್ದು ಸ್ವಲ್ಪವೇ.

ಎರಡನೆಯದಾಗಿ 'ಸಂಪೂರ್ಣ ಆಹಾರ' ಎಂದಿದೆಯೋ, 'ಪೂರಕ ಆಹಾರ' ಎಂದಿದೆಯೋ ನೋಡಿ. ಪೂರಕ ಎಂದರೆ ತಿಂಡಿ. ಅದನ್ನೇ ದಿನವೂ ಹಾಕಿದರೆ ನಾವು ಮೂರು ಹೊತ್ತೂ ಮಂಡಕ್ಕಿ ಮಿರ್ಚಿ ತಿಂದಂತೆ. ಹೊಟ್ಟೆ ತುಂಬುತ್ತದೆ, ದೇಹ ಸೊರಗುತ್ತದೆ.

ಸೊರಗುವುದು ಎಂದರೆ ಸುಮ್ಮನೆ ಮಾತಲ್ಲ. ಟಾರಿನ್ ಎಂಬ ಒಂದು ಅಂಶವಿದೆ. ಮಾಂಸ, ಮೀನಿನಲ್ಲಿ ಸಿಗುತ್ತದೆ, ಸಸ್ಯಗಳಲ್ಲಿ ಇಲ್ಲವೆನ್ನಬಹುದು. ಮನುಷ್ಯನ ದೇಹ, ನಾಯಿಯ ದೇಹ ಅದನ್ನು ಹೆಚ್ಚು ಕಡಿಮೆ ತಾವೇ ತಯಾರಿಸಿಕೊಳ್ಳುತ್ತವೆ. ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಲು ಬರುವುದಿಲ್ಲ. ಟಾರಿನ್ ಇಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ ತಿಳಿಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಅದರ ಕೊರತೆಯಿಂದ ಬೆಕ್ಕಿನ ಹೃದಯವೂ ಹಿಗ್ಗಿ ದುರ್ಬಲವಾಗುತ್ತದೆ ಎಂದು ತೋರಿಸಿದರು. ಆ ಬೆಕ್ಕುಗಳಲ್ಲಿ ಅಂಗಡಿಯ ಆಹಾರ ತಿನ್ನುತ್ತಿದ್ದವೂ ಇದ್ದವು. ಆಮೇಲೆ ಕಂಪನಿಗಳು ತಮ್ಮ ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು. ಅಗ್ಗವೆಂದು ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಬಾರದು ಎನ್ನುವುದೂ ಇದಕ್ಕೇ.

ಇಲ್ಲಿ ಕಾನೂನಿನ ಒಂದು ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ 'ಆಹಾರ' ಎಂಬ ಪದದ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಡಲಾಗಿದೆ. ಅಂದರೆ ನಾವು ತಿನ್ನುವ ಬಿಸ್ಕತ್ತಿಗೆ ಇರುವ ಕಾವಲು ಪಕ್ಕದಲ್ಲೇ ತೂಗುವ ಪೌಚಿಗೆ ಇಲ್ಲ. ಆದರೂ ಕೊಳ್ಳುವವರು ನಾವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೆ ಮಾಹಿತಿ ಪಡೆಯುವ ಹಕ್ಕನ್ನು ಕೊಟ್ಟಿದೆ. ನಮ್ಮಂಥ ಮನೆಗಳಲ್ಲಿ ಈ ಹಕ್ಕಿಗೆ ಇನ್ನೊಂದು ಅರ್ಥವೂ ಇದೆ. ಕೆಲವು ಪೌಚುಗಳ ಮೇಲೆ 'ಮಾಂಸ ಮತ್ತು ಮಾಂಸದ ಉಪ ಉತ್ಪನ್ನಗಳು' ಎಂದಷ್ಟೇ ಇರುತ್ತದೆ. "ಯಾವುದರ ಮಾಂಸ? ಅದೇ ಚಮಚ ನನ್ನ ಅಡುಗೆಮನೆಯ ಸಿಂಕಿಗೆ ಬರುತ್ತಲ್ಲ?" ಎಂದು ಅಮ್ಮಿ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಬೆಕ್ಕಿಗೆ ಏನು ಕೊಡಬಹುದು, ಏನು ಕೊಡಬಾರದು ಎಂಬ ತೀರ್ಮಾನ ಆಲಿಮರಿಗೆ ಬಿಟ್ಟದ್ದು. ಒಳಗೆ ಏನಿದೆ ಎಂದು ಹೇಳಬೇಕಾದವನು ಮಾತ್ರ ಮಾರುವವನೇ. ಪ್ರಾಣಿಯ ಹೆಸರು ಸ್ಪಷ್ಟವಾಗಿ ಬರೆದಿರುವ ಪೌಚನ್ನೇ ಆರಿಸಿ ಎನ್ನುವುದು ನನ್ನ ಸಲಹೆ.

ಈಗ 'ನಖರಾ' ವಿಷಯಕ್ಕೆ ಬರೋಣ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಕೃಷ್ಣದೇವರಾಯ ಇಲಿಗಳ ಕಾಟ ತಪ್ಪಿಸಲು ಮನೆಗೊಂದು ಬೆಕ್ಕು, ಅದಕ್ಕೆ ಹಾಲಿಗಾಗಿ ಒಂದು ಹಸು ಕೊಡಿಸಿದ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ಅವನ ಮನೆಯವರ ಪಾಲಾಯಿತು. ನಾವು ಇದನ್ನು ಚತುರನ ಕಥೆ ಎಂದು ಓದಿ ನಗುತ್ತೇವೆ. ಬೆಕ್ಕಿನ ಕಡೆಯಿಂದ ಓದಿ ನೋಡಿ. ಅದು ಹಾಲು ಬೇಡ ಎಂದದ್ದು ನಖರಾದಿಂದಲ್ಲ, ನೆನಪಿನಿಂದ. ಒಂದು ಆಹಾರ ತಿಂದಾಗ ನೋವಾದರೆ, ವಾಂತಿಯಾದರೆ, ಬೆಕ್ಕು ಆ ಆಹಾರವನ್ನೇ ದೂರ ಮಾಡುತ್ತದೆ. ಇಷ್ಟದ ಪೌಚಿನೊಳಗೆ ಕಹಿ ಮಾತ್ರೆ ಬಚ್ಚಿಟ್ಟು ಕೊಟ್ಟವರ ಮನೆಯ ಬೆಕ್ಕು ಮರುದಿನ ಆ ಪೌಚನ್ನೇ ಬಿಟ್ಟರೆ ಅದು ಹೊಸ ಕಾಲದ ತೆನಾಲಿ ಕಥೆ.

ಬೆಕ್ಕು ಬೇಡ ಎನ್ನಲು ಇನ್ನೂ ಸರಳ ಕಾರಣಗಳಿರುತ್ತವೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಆಹಾರ ವಾಸನೆ ಬಿಡುವುದಿಲ್ಲ. ಬೇಟೆಯ ಇಲಿ ಬೆಚ್ಚಗಿರುತ್ತದೆ, ತಟ್ಟೆಯ ಊಟವೂ ಮೈಬಿಸಿಯಷ್ಟು ಬೆಚ್ಚಗಿದ್ದರೆ ಬೆಕ್ಕಿಗೆ ಇಷ್ಟ. ಪೌಚನ್ನು ಬಿಸಿನೀರಿನ ಬಟ್ಟಲಿನಲ್ಲಿ ಎರಡು ನಿಮಿಷ ಇಟ್ಟರೆ ಸಾಕು. ಇನ್ನು, ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ಗ್ರೇವಿ ಹತ್ತು ಗಂಟೆಗೆ ಹಳಸಿರುತ್ತದೆ. ಅದನ್ನು ಮುಟ್ಟದ ಬೆಕ್ಕು ಜಾಣ ಬೆಕ್ಕು. ಪರ್ಷಿಯನ್ ಬೆಕ್ಕಿನ ಮುಖ ಚಪ್ಪಟೆ, ಆಳವಾದ ಬಟ್ಟಲಿನಿಂದ ಅದಕ್ಕೆ ತಿನ್ನಲು ಕಷ್ಟ, ಅಗಲವಾದ ತಟ್ಟೆ ಬೇಕು. ಊಟದ ತಟ್ಟೆ ಮಲಮೂತ್ರದ ಟ್ರೇ ಪಕ್ಕದಲ್ಲಿದ್ದರೆ ನಾವಾದರೂ ತಿನ್ನುತ್ತೇವೆಯೇ? ಮತ್ತೆ, ಬೆಕ್ಕು ಹುಟ್ಟಿನಿಂದಲೇ ದಿನಕ್ಕೆ ಹತ್ತಾರು ಸಲ ಸ್ವಲ್ಪ ಸ್ವಲ್ಪ ತಿನ್ನುವ ಪ್ರಾಣಿ. ಎರಡು ತುತ್ತು ತಿಂದು ಎದ್ದರೆ ಅದು ತಿರಸ್ಕಾರವಲ್ಲ, ಅದರ ಪದ್ಧತಿ. ರೂಪ ಕೂಡ ಮುಖ್ಯ. ಒಂದು ಬೆಕ್ಕು ಗ್ರೇವಿಯನ್ನು ನೆಕ್ಕಿ ತುಂಡುಗಳನ್ನು ಬಿಡುತ್ತದೆ, ಇನ್ನೊಂದು ಜೆಲ್ಲಿಯಲ್ಲಿದ್ದರೆ ತುಂಡೂ ತಿನ್ನುತ್ತದೆ. ಹೆಸರು ಬದಲಿಸುವ ಮೊದಲು ರೂಪ ಬದಲಿಸಿ ನೋಡಿ. ತಿನ್ನದ ತುಂಡುಗಳನ್ನು ಚಮಚದಲ್ಲಿ ಅರೆದು ಕೊಟ್ಟರೂ ಆದೀತು.

"ನಿನ್ನೆ ತನಕ ಇದನ್ನೇ ತಿನ್ನುತ್ತಿತ್ತು, ಇವತ್ತು ಯಾಕೆ ಬೇಡ?" ಎನ್ನುವವರು ಅರ್ಥಶಾಸ್ತ್ರದ ಪುಸ್ತಕ ತೆಗೆಯಿರಿ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಬೆಕ್ಕಿಗೂ ಸ್ವಲ್ಪ ಅನ್ವಯಿಸುತ್ತದೆ. ಬಹಳ ದಿನ ಒಂದೇ ಆಹಾರ ತಿಂದ ಬೆಕ್ಕು ಹೊಸದಕ್ಕೆ ಆಸೆಪಡುವುದುಂಟು. ಆದರೆ ಹೊಸ ಜಾಗ, ಗದ್ದಲ, ಭಯ ಇದ್ದಾಗ ಅದೇ ಬೆಕ್ಕು ಹೊಸ ಆಹಾರವನ್ನು ಮುಟ್ಟುವುದೇ ಇಲ್ಲ. ಮರಿಯಿದ್ದಾಗಲೇ ಎರಡು ಮೂರು ಬಗೆಯ ರುಚಿ, ರೂಪಗಳನ್ನು ಅಭ್ಯಾಸ ಮಾಡಿಸಿದರೆ ಮುಂದೆ ಕಷ್ಟವಿಲ್ಲ. ದೊಡ್ಡ ಬೆಕ್ಕಿಗೆ ಹೊಸ ಆಹಾರವನ್ನು ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ, ಒಂದು ವಾರ ಹತ್ತು ದಿನದಲ್ಲಿ ಬದಲಿಸಬೇಕು. ಒಂದೇ ದಿನ ಬದಲಿಸಿದರೆ ಹೊಟ್ಟೆ ಕೆಡುತ್ತದೆ.

ಖರ್ಚಿನ ಲೆಕ್ಕ ಹಾಕದೆ ವಾಣಿಜ್ಯ ವಿದ್ಯಾರ್ಥಿ ಮಾತು ಮುಗಿಸಬಾರದು. ನಾಲ್ಕು ಕಿಲೋ ತೂಗುವ ಮನೆ ಬೆಕ್ಕಿಗೆ ದಿನಕ್ಕೆ ಹೆಚ್ಚು ಕಡಿಮೆ 200 ಕಿಲೋಕ್ಯಾಲರಿ ಬೇಕು. 80 ಗ್ರಾಂ ಆಸುಪಾಸಿನ ಒಂದು ಪೌಚಿನಲ್ಲಿ ಸುಮಾರು 70 ಸಿಗುತ್ತದೆ, ಯಾಕೆಂದರೆ ಅದರ ಮುಕ್ಕಾಲು ಪಾಲು ನೀರು. ಅಂದರೆ ದಿನಕ್ಕೆ ಮೂರು ಪೌಚ್. ಪೌಚಿಗೆ 45 ರೂಪಾಯಿ ಹಿಡಿದರೆ ದಿನಕ್ಕೆ 135, ತಿಂಗಳಿಗೆ 4,050 ರೂಪಾಯಿ. ನಮ್ಮಲ್ಲಿ ಎಷ್ಟೋ ಮನೆಗಳ ತಿಂಗಳ ರೇಷನ್ ಇದರ ಆಸುಪಾಸಿನಲ್ಲೇ ಇರುತ್ತದೆ. ಪೂರ್ತಿ ವೆಟ್ ಫುಡ್ ಎಲ್ಲರಿಂದ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ದಿನಕ್ಕೊಂದು ಪೌಚ್, ಉಳಿದದ್ದಕ್ಕೆ ಸಂಪೂರ್ಣ ಎಂದು ಬರೆದಿರುವ ಒಣ ಆಹಾರ ಎಂದು ಹೊಂದಿಸಬಹುದು. ಪೌಚಿನ ನೀರು ದಂಡವಲ್ಲ. ಬೆಕ್ಕಿನ ಮೂಲ ಮರುಭೂಮಿ, ಅದು ನೀರು ಕುಡಿಯುವುದು ಕಡಿಮೆ. ನಮ್ಮ ಬೇಸಿಗೆಯಲ್ಲಿ ಆ ಒಂದು ಪೌಚಿನ ನೀರೂ ಅದಕ್ಕೆ ಉಪಕಾರ.

ಮನೆಯ ಅಡುಗೆಯನ್ನೇ ಹಾಕಿದರೆ ಆಗದೇ ಎಂದು ದಾದಿಯರು ಕೇಳುತ್ತಾರೆ. ಅವರ ಕಾಲದಲ್ಲಿ ಬೆಕ್ಕು ಹೊರಗೆ ಹೋಗಿ ಇಲಿ ಹಿಡಿದು ತಿನ್ನುತ್ತಿತ್ತು, ಮನೆಯದು ಅದಕ್ಕೆ ಮೇಲೋಗರ. ಈಗ ಬೆಕ್ಕು ಫ್ಲಾಟಿನೊಳಗೇ ಇರುತ್ತದೆ. ಸಾಲನ್, ಬಿರಿಯಾನಿಯ ತುಂಡು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ. ಸೂಳೆಕೆರೆಯಿಂದಲೋ ಹೊಳೆಯಿಂದಲೋ ಬಂದ ಕಾಟ್ಲಾದಂಥ ಮೀನನ್ನು ಹಸಿಯಾಗಿ ದಿನವೂ ಹಾಕಬಾರದು. ಈ ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವವಿದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಒಳ್ಳೆಯದು, ಬೇಯಿಸಿದ ನೀರನ್ನೂ ಸೇರಿಸಿ ಕೊಡಿ, ಟಾರಿನ್ ಆ ನೀರಿಗೆ ಇಳಿದಿರುತ್ತದೆ. ಆದರೆ ಬರೀ ಕೋಳಿಯಲ್ಲಿ ಸುಣ್ಣದ ಅಂಶ ಸಾಲದು, ಮರಿಗಳ ಮೂಳೆ ಮೆತ್ತಗಾಗುತ್ತದೆ. ಬಕ್ರೀದ್ ಸಮಯದಲ್ಲಿ ಪಿತ್ತಜನಕಾಂಗವನ್ನು ದಿನಗಟ್ಟಲೆ ಹಾಕುವುದೂ ಸರಿಯಲ್ಲ, ಅದರಲ್ಲಿ ಎ ಜೀವಸತ್ವ ಅತಿಯಾಗಿರುತ್ತದೆ. ವಾರಕ್ಕೊಮ್ಮೆ ಸಣ್ಣ ತುಂಡು ಸಾಕು.

ಪೌಚಿನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ನಮ್ಮ ಬಡಾವಣೆಯಲ್ಲಿ ಮಾಂಸ ಬೇಯಿಸದ ಮನೆಗಳು ಬೇಕಾದಷ್ಟಿವೆ. ಅವರೂ ಪ್ರೀತಿಯಿಂದ ಬೆಕ್ಕು ಸಾಕುತ್ತಾರೆ, ಹಾಲು ಅನ್ನ, ಮೊಸರನ್ನ ಹಾಕುತ್ತಾರೆ. ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಅದಕ್ಕೆ ಟಾರಿನ್ ಒಂದೇ ಅಲ್ಲ, ಕ್ಯಾರೆಟ್‌ನಿಂದ ಎ ಜೀವಸತ್ವ ಮಾಡಿಕೊಳ್ಳಲೂ ಬರುವುದಿಲ್ಲ. ತಮ್ಮ ಪಾತ್ರೆಗೆ ಮಾಂಸ ತಾಗಿಸದೆ ಬೆಕ್ಕಿನ ಹೊಟ್ಟೆ ಸರಿಯಾಗಿ ತುಂಬಿಸಲು ಆ ಮನೆಗಳಿಗೆ ಈ ಪೌಚ್ ದಾರಿ ಮಾಡಿಕೊಟ್ಟಿದೆ. ಅದಕ್ಕೆ ನಾನು ಪೌಚಿನ ವಿರೋಧಿಯಲ್ಲ. ಹೆಸರು ನೋಡಿ ಕೊಳ್ಳುವುದರ ವಿರೋಧಿ.

ಇನ್ನು "ಹಸಿದ್ರೆ ತಾನೇ ತಿನ್ನುತ್ತೆ" ಎಂಬ ಮಾತು. ನಾಯಿಯ ವಿಷಯದಲ್ಲಿ ಇದು ನಡೆದರೂ ನಡೆಯಬಹುದು. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ. ಯಕೃತ್ತು ಕೆಲಸ ನಿಲ್ಲಿಸುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ಆದ್ದರಿಂದ ಒಂದು ಪೂರ್ತಿ ದಿನ ಏನನ್ನೂ ಮುಟ್ಟದ ಬೆಕ್ಕಿಗೆ ಹಟ ಎನ್ನಬೇಡಿ, ಪಶುವೈದ್ಯರಿಗೆ ತೋರಿಸಿ. ಹಲ್ಲು ನೋವು, ಒಸಡಿನ ಬಾವು, ಮೂಗು ಕಟ್ಟಿದ ಶೀತ, ಮೂತ್ರಪಿಂಡದ ಕಾಯಿಲೆ ಇವೆಲ್ಲ ಮೊದಲು ಕಾಣಿಸಿಕೊಳ್ಳುವುದು ಊಟ ಬಿಡುವುದರಲ್ಲೇ. ಬೆಕ್ಕಿಗೆ ನೋವು ಹೇಳಲು ಬೇರೆ ಭಾಷೆಯಿಲ್ಲ. ತಟ್ಟೆ ಬಿಟ್ಟು ಹೋಗುವುದೇ ಅದರ ಅರ್ಜಿ.

ದೀನಿಯಾತ್ ತರಗತಿಯಲ್ಲಿ ಕೇಳಿದ ಒಂದು ಹದೀಸನ್ನು ಇಲ್ಲಿ ನೆನೆಯುತ್ತೇನೆ. ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಒಬ್ಬ ಹೆಂಗಸು ಶಿಕ್ಷೆಗೆ ಗುರಿಯಾದಳು ಎಂದು ಪ್ರವಾದಿ(ಸ) ತಿಳಿಸಿದ ಪ್ರಸಂಗ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಅವಳು ಅದಕ್ಕೆ ಉಣ್ಣಲು ಕೊಡಲಿಲ್ಲ, ತಾನೇ ಹುಡುಕಿ ತಿನ್ನಲು ಹೊರಗೆ ಬಿಡಲೂ ಇಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ಯೋಚಿಸಿ. ಹೊರಗೆ ಬಿಟ್ಟ ಬೆಕ್ಕಿಗೆ ತನ್ನ ದಾರಿ ಇರುತ್ತದೆ. ಮನೆಯೊಳಗೆ ಬಾಗಿಲು ಹಾಕಿ ಸಾಕಿದ ಬೆಕ್ಕಿಗೆ ನಮ್ಮ ಕೈ ಬಿಟ್ಟರೆ ಬೇರೆ ದಾರಿಯಿಲ್ಲ. ಬಾಗಿಲು ಮುಚ್ಚಿದ ಕ್ಷಣದಿಂದ ಅದರ ಊಟದ ಪೂರ್ತಿ ಹೊಣೆ ನಮ್ಮದು. ವುಜೂ ನೀರಿನ ಪಾತ್ರೆಯನ್ನೇ ವಾಲಿಸಿ ಬೆಕ್ಕಿಗೆ ಕುಡಿಸಿದ ಸಹಾಬಿ ಅಬೂ ಖತಾದಾ ಅವರ ಪ್ರಸಂಗವೂ ಇದೆ. ಬೆಕ್ಕು ಬೇಡಲಿಲ್ಲ, ಅವರೇ ಗಮನಿಸಿದರು.

ಹಾಗಾಗಿ ಇನ್‌ಸ್ಟಾಗ್ರಾಂ ರೀಲ್ ನೋಡಿ ಪರ್ಷಿಯನ್ ಮರಿ ಕೊಡಿಸಿ ಎಂದು ಅಬ್ಬಾನ ಮುಂದೆ ಹಟ ಹಿಡಿಯುವ ಗೆಳೆಯ ಗೆಳತಿಯರಲ್ಲಿ ನನ್ನ ವಿನಂತಿ. ಮೊದಲು ಒಂದು ತಿಂಗಳ ಊಟದ ಲೆಕ್ಕವನ್ನು ಹಾಳೆಯಲ್ಲಿ ಬರೆದು, ವೈದ್ಯರ ಖರ್ಚನ್ನೂ ಸೇರಿಸಿ, ಅದು ನಿಮ್ಮ ಮನೆಯಿಂದ ಆಗುತ್ತದೆಯೇ ನೋಡಿ. ಆಗದಿದ್ದರೆ ಬೀದಿಯ ಬೆಕ್ಕಿಗೆ ಒಂದು ಬಟ್ಟಲು ನೀರು, ಮಸಾಲೆ ತಾಗದ ನಾಲ್ಕು ತುಂಡು ಇಡಿ. ಆ ಪ್ರೀತಿಯೂ ಕಡಿಮೆಯದಲ್ಲ. ನಮ್ಮ ಕ್ಯಾಂಟೀನಿನ ಹಿಂದೆ ಸುತ್ತುವ ಬೆಕ್ಕುಗಳಿಗೆ ಬಿರಿಯಾನಿಯ ಉಳಿಕೆ ಎಸೆಯುವ ಬದಲು, ಮಸಾಲೆ ಹಾಕುವ ಮುಂಚೆ ತೆಗೆದ ಕೋಳಿಯ ಚೂರುಗಳನ್ನು ಬೇಯಿಸಿ ಒಂದು ತಟ್ಟೆಯಲ್ಲಿ ಇಡಲು ಸಾಧ್ಯವೇ ಎಂದು ಪ್ರಾಂಶುಪಾಲರನ್ನೂ ಕ್ಯಾಂಟೀನಿನವರನ್ನೂ ಕೇಳಿಕೊಳ್ಳುತ್ತೇನೆ. ತಟ್ಟೆ ತೊಳೆಯುವ ಸರದಿಗೆ ದ್ವಿತೀಯ ವಾಣಿಜ್ಯ ವಿಭಾಗದಿಂದ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.